ಪಾರ್ಥಿವ ಶರೀರದ ಸ್ವದೇಶ ರವಾನೆ

ವಿದೇಶದಲ್ಲಿ ಮರಣ ಹೊಂದಿದ ವ್ಯಕ್ತಿಯ ದೇಹವನ್ನು ಅಂತ್ಯಸಂಸ್ಕಾರಕ್ಕಾಗಿ ಆತನ ಹುಟ್ಟೂರಿಗೆ ಅಥವಾ ಕುಟುಂಬ ನೆಲೆಸಿರುವ ಊರಿಗೆ ಕಳುಹಿಸುವ ಕ್ರಮವನ್ನು ಪಾರ್ಥಿವ ಶರೀರದ ಸ್ವದೇಶ ರವಾನೆ ಎನ್ನುತ್ತಾರೆ. ಮರಣ ಸಂಭವಿಸಿದ ದೇಶದ ಆಸ್ಪತ್ರೆ ಮತ್ತು ಪೊಲೀಸ್ ಇಲಾಖೆ, ಅಲ್ಲಿನ ಭಾರತೀಯ ರಾಯಭಾರ ಕಚೇರಿ, ವಿಮಾನಯಾನ ಸಂಸ್ಥೆ, ಭಾರತದ ವಿಮಾನ ನಿಲ್ದಾಣದ ಆರೋಗ್ಯ ಅಧಿಕಾರಿ ಹಾಗೂ ಮೃತರ ಕುಟುಂಬ, ಇವರೆಲ್ಲರ ಕೈ ಸೇರಿದಾಗ ಮಾತ್ರ ಇದು ಪೂರ್ಣಗೊಳ್ಳುತ್ತದೆ. ಕರ್ನಾಟಕದಲ್ಲಿ ಈ ವಿಷಯ ವ್ಯಾಪಕವಾಗಿ ಚರ್ಚೆಗೆ ಬಂದದ್ದು 2022ರ ಮಾರ್ಚ್‌ನಲ್ಲಿ, ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ನವೀನ್ ಶೇಖರಪ್ಪ ಗ್ಯಾನಗೌಡರ್ ಯುಕ್ರೇನ್‌ನಲ್ಲಿ ಮೃತಪಟ್ಟಾಗ. ಯುದ್ಧ, ಸಾಮೂಹಿಕ ದುರಂತಗಳಲ್ಲಿ ಸರ್ಕಾರಗಳೇ ಮುಂದಾಗುತ್ತವೆ. ಸಾಮಾನ್ಯ ಮರಣಗಳಲ್ಲಿ ವಿಳಂಬಕ್ಕೆ ದೂರಕ್ಕಿಂತ ಹೆಚ್ಚಾಗಿ ಕಾಗದಪತ್ರಗಳೇ ಕಾರಣವಾಗುತ್ತವೆ. ಅವುಗಳಲ್ಲಿ ಕೆಲವನ್ನು ಊರಿನಲ್ಲಿರುವ ಕುಟುಂಬವೇ ಸಿದ್ಧಪಡಿಸಿ ಕಳುಹಿಸಬೇಕಾಗುತ್ತದೆ.

ಪದದ ಅರ್ಥ

‘ಪಾರ್ಥಿವ’ ಎಂಬುದು ‘ಪೃಥ್ವಿ’ಯಿಂದ ಬಂದ ಸಂಸ್ಕೃತ ಪದ, ಭೂಮಿಗೆ ಸೇರಿದ್ದು, ಮಣ್ಣಿನದು ಎಂದು ಅರ್ಥ. ಪತ್ರಿಕೆಗಳಲ್ಲಿ ಗೌರವಸೂಚಕವಾಗಿ ‘ಪಾರ್ಥಿವ ಶರೀರ’ ಎಂದೂ ಸರ್ಕಾರಿ ಕಡತಗಳಲ್ಲಿ ‘ಮೃತದೇಹ’ ಎಂದೂ ಬರೆಯುವುದು ರೂಢಿ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಆಡುಮಾತಿನಲ್ಲಿ ಶವಸಂಸ್ಕಾರಕ್ಕೆ ‘ಮಣ್ಣು’ ಎಂದೇ ಹೆಸರು. ‘ಮಣ್ಣಿಗೆ ಹೋಗುವುದು’ ಎಂದರೆ ಅಂತ್ಯಕ್ರಿಯೆಯಲ್ಲಿ ಪಾಲ್ಗೊಳ್ಳುವುದು. ಸಂಸ್ಕೃತದ ಪದವೂ ಹಳ್ಳಿಯ ಪದವೂ ಇಲ್ಲಿ ಒಂದೇ ಅರ್ಥವನ್ನು ಹೇಳುತ್ತವೆ.

ಹಿನ್ನೆಲೆ

ಹಡಗಿನ ಪ್ರಯಾಣವೊಂದೇ ದಾರಿಯಾಗಿದ್ದ ಕಾಲದಲ್ಲಿ ವಿದೇಶದಲ್ಲಿ ಸತ್ತವರನ್ನು ಅಲ್ಲಿಯೇ ಮಣ್ಣು ಮಾಡುವುದು ಸಾಮಾನ್ಯವಾಗಿತ್ತು. ಅರಸು ಮನೆತನದವರಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನು 1852ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹೋಗಿ 1859ರಲ್ಲಿ ಲಂಡನ್‌ನಲ್ಲಿಯೇ ತೀರಿಕೊಂಡನು. ವಿಕ್ಟೋರಿಯಾ ರಾಣಿಯು ಧರ್ಮತಾಯಿಯಾಗಿ ನಿಂತು ಕ್ರೈಸ್ತಧರ್ಮಕ್ಕೆ ಸೇರಿಸಿಕೊಂಡ ಆತನ ಮಗಳು ಗೌರಮ್ಮ 1864ರಲ್ಲಿ ನಿಧನಳಾದಳು. ಆಕೆಯ ಸಮಾಧಿ ಇಂದಿಗೂ ಲಂಡನ್‌ನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ಇಪ್ಪತ್ತನೆಯ ಶತಮಾನದಲ್ಲಿ ರೈಲು, ವಿಮಾನಗಳ ಸಂಚಾರ ಹೆಚ್ಚಿದಂತೆ ಶವಸಾಗಣೆಗೆ ಅಂತರರಾಷ್ಟ್ರೀಯ ನಿಯಮಗಳು ಬೇಕಾದವು. 1937ರ ಫೆಬ್ರವರಿಯಲ್ಲಿ ಬರ್ಲಿನ್‌ನಲ್ಲಿ ಮೊದಲ ಒಪ್ಪಂದವೂ 1973ರ ಅಕ್ಟೋಬರ್‌ನಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಯೂರೋಪಿನ ದೇಶಗಳ ಒಪ್ಪಂದವೂ ರೂಪುಗೊಂಡವು. ಮೃತದೇಹಕ್ಕೆ ಅದರದೇ ಆದ ಒಂದು ಪ್ರಯಾಣಪತ್ರವಿರಬೇಕೆಂಬ ಕಲ್ಪನೆ ಈ ಒಪ್ಪಂದಗಳಲ್ಲಿದೆ. ಭಾರತದಲ್ಲಿ 1954ರ ವಿಮಾನ (ಸಾರ್ವಜನಿಕ ಆರೋಗ್ಯ) ನಿಯಮಗಳು ಈ ಕೆಲಸ ಮಾಡುತ್ತ ಬಂದಿವೆ. ವಿದೇಶದಲ್ಲಿ ತನ್ನ ಪ್ರಜೆ ಸತ್ತ ಸಂಗತಿ ಆ ಪ್ರಜೆಯ ದೇಶಕ್ಕೆ ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ 1963ರ ವಿಯೆನ್ನಾ ದೂತಾವಾಸ ಒಪ್ಪಂದದ 37ನೆಯ ವಿಧಿಯಲ್ಲಿದೆ. ಅದರ ಪ್ರಕಾರ ಸ್ಥಳೀಯ ಅಧಿಕಾರಿಗಳು ಮರಣದ ಮಾಹಿತಿಯನ್ನು ವಿಳಂಬವಿಲ್ಲದೆ ಆಯಾ ದೇಶದ ದೂತಾವಾಸಕ್ಕೆ ತಿಳಿಸಬೇಕು. ವಾಸ್ತವದಲ್ಲಿ ಇದಕ್ಕೂ ಮೊದಲೇ ಜೊತೆಗಿದ್ದ ಕೆಲಸಗಾರರ ಅಥವಾ ಸಹಪಾಠಿಗಳ ಫೋನ್ ಕರೆ ಊರನ್ನು ಮುಟ್ಟಿರುತ್ತದೆ.

ನವೀನ್ ಗ್ಯಾನಗೌಡರ್ ಪ್ರಕರಣ

ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿ ಗ್ರಾಮದ ನವೀನ್, ಖಾರ್ಕಿವ್ ರಾಷ್ಟ್ರೀಯ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ನಾಲ್ಕನೆಯ ವರ್ಷದ ವಿದ್ಯಾರ್ಥಿಯಾಗಿದ್ದರು. ರಷ್ಯಾ 2022ರ ಫೆಬ್ರವರಿ 24ರಂದು ಯುಕ್ರೇನ್ ಮೇಲೆ ದಾಳಿ ಆರಂಭಿಸಿದಾಗ ಖಾರ್ಕಿವ್ ನಗರ ಶೆಲ್ ದಾಳಿಗೆ ತುತ್ತಾಯಿತು. ಮಾರ್ಚ್ 1ರ ಬೆಳಿಗ್ಗೆ ಆಹಾರ ಸಾಮಗ್ರಿ ತರಲು ಹೊರಗೆ ಹೋಗಿದ್ದಾಗ ಅವರು ಕೊಲ್ಲಲ್ಪಟ್ಟರು. ಈ ಯುದ್ಧದಲ್ಲಿ ಪ್ರಾಣ ಕಳೆದುಕೊಂಡ ಮೊದಲ ಭಾರತೀಯ ವಿದ್ಯಾರ್ಥಿ ಇವರು.

ಜೀವಂತ ಇದ್ದವರನ್ನು ಕರೆತರುವ ‘ಆಪರೇಷನ್ ಗಂಗಾ’ ಆ ವೇಳೆಗೆ ನಡೆಯುತ್ತಿತ್ತು. ಶವವೊಂದನ್ನು ತರುವ ಜಾಗದಲ್ಲಿ ಹಲವು ವಿದ್ಯಾರ್ಥಿಗಳನ್ನು ಕರೆತರಬಹುದು ಎಂದು ಶಾಸಕರೊಬ್ಬರು ಆಡಿದ ಮಾತು ರಾಜ್ಯದಾದ್ಯಂತ ಟೀಕೆಗೆ ಗುರಿಯಾಯಿತು. ಆ ಮಾತಿನಲ್ಲಿ ಲೆಕ್ಕವಿದ್ದರೂ ಮಗನ ಮುಖ ನೋಡಲು ಕಾದಿದ್ದ ಮನೆಯವರಿಗೆ ಅದು ಹೇಗೆ ಕೇಳಿಸಿರಬೇಕು ಎಂಬುದನ್ನು ಊಹಿಸಬಹುದು. ನಿಜವಾದ ತೊಡಕು ವಿಮಾನದ ಜಾಗದ್ದಾಗಿರಲಿಲ್ಲ. ಯುಕ್ರೇನ್‌ನ ವಾಯುಪ್ರದೇಶ ಮುಚ್ಚಿತ್ತು, ಖಾರ್ಕಿವ್ ದೇಶದ ಪೂರ್ವದ ತುದಿಯಲ್ಲಿತ್ತು, ಪಶ್ಚಿಮದ ಗಡಿಯನ್ನು ತಲುಪಲು ಇಡೀ ದೇಶವನ್ನು ದಾಟಬೇಕಿತ್ತು. ಭಾರತೀಯ ರಾಯಭಾರ ಕಚೇರಿಯೇ ಮಾರ್ಚ್ 13ರಂದು ತಾತ್ಕಾಲಿಕವಾಗಿ ಪೋಲೆಂಡಿಗೆ ಸ್ಥಳಾಂತರಗೊಂಡಿತು. ಎಂಬಾಮಿಂಗ್ ಮಾಡಿದ ದೇಹವನ್ನು ಖಾರ್ಕಿವ್‌ನ ಶವಾಗಾರದಲ್ಲಿ ಇರಿಸಲಾಗಿತ್ತು. ಅದು ಪೋಲೆಂಡಿನ ವಾರ್ಸಾ ತಲುಪಿ, ಅಲ್ಲಿಂದ ದುಬೈ ಮಾರ್ಗವಾಗಿ ಮಾರ್ಚ್ 21ರ ನಸುಕಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ನಿಲ್ದಾಣದಲ್ಲಿ ಅಂತಿಮ ನಮನ ಸಲ್ಲಿಸಿದರು. ಮರಣಕ್ಕೂ ಊರು ಸೇರುವುದಕ್ಕೂ ನಡುವೆ 20 ದಿನಗಳು ಕಳೆದಿದ್ದವು.

ಚಳಗೇರಿಯಲ್ಲಿ ವೀರಶೈವ ವಿಧಿಯಂತೆ ಪೂಜೆ ಮತ್ತು ಸಾರ್ವಜನಿಕ ದರ್ಶನ ನಡೆದವು. ಅನಂತರ ಕುಟುಂಬದವರು ದೇಹವನ್ನು ಹೂಳದೆ, ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನವಾಗಿ ಒಪ್ಪಿಸಿದರು. ವೈದ್ಯನಾಗಬೇಕೆಂದು ಹೋದ ಮಗನ ದೇಹ ವೈದ್ಯಕೀಯ ವಿದ್ಯಾರ್ಥಿಗಳ ಕಲಿಕೆಗೆ ಒದಗಲಿ ಎಂಬುದು ತಂದೆತಾಯಿಗಳ ನಿರ್ಧಾರವಾಗಿತ್ತು.

ಸರ್ಕಾರವೇ ಮುಂದೆ ನಿಂತಾಗ ಕೆಲಸ ಎಷ್ಟು ಬೇಗ ಆಗಬಹುದೆಂಬುದಕ್ಕೆ ಕುವೈತ್‌ನ ಮಂಗಾಫ್ ಅಗ್ನಿ ದುರಂತ ಉದಾಹರಣೆ. 2024ರ ಜೂನ್ 12ರಂದು ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಭಾರತದ 40ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಗುರುತು ಹಿಡಿಯಲಾಗದ ದೇಹಗಳಿಗೆ ಡಿಎನ್‌ಎ ಪರೀಕ್ಷೆಯ ನೆರವು ಬೇಕಾಯಿತು. ಆದರೂ ಜೂನ್ 14ರಂದೇ ಭಾರತೀಯ ವಾಯುಪಡೆಯ ಸಿ-130ಜೆ ವಿಮಾನ ದೇಹಗಳನ್ನು ಹೊತ್ತು ಕೊಚ್ಚಿಗೆ ಬಂದಿಳಿಯಿತು. ಅಲ್ಲಿ ಇಳಿಸಿದ 31 ದೇಹಗಳಲ್ಲಿ ಒಂದು ಕರ್ನಾಟಕದ ಕಲಬುರಗಿ ಜಿಲ್ಲೆಯವರದು. ಸುದ್ದಿಯಾಗದ ಮರಣಗಳಿಗೆ ಇಂಥ ವಿಮಾನ ಬರುವುದಿಲ್ಲ. ಕೊಲ್ಲಿ ದೇಶದ ಕಾರ್ಮಿಕ ಶಿಬಿರದಲ್ಲಿ ಹೃದಯಾಘಾತದಿಂದ ಸತ್ತವರ ದೇಹ ಪ್ರಯಾಣಿಕರ ವಿಮಾನದ ಸರಕು ವಿಭಾಗದಲ್ಲಿ ಬರುತ್ತದೆ. ಅದಕ್ಕೆ ಬೇಕಾದ ಕ್ರಮವನ್ನು ಮುಂದೆ ವಿವರಿಸಿದೆ.

ಮರಣ ಸಂಭವಿಸಿದ ದೇಶದಲ್ಲಿ

ಆಸ್ಪತ್ರೆಯಲ್ಲಿ ಸಹಜ ಕಾಯಿಲೆಯಿಂದ ಆದ ಮರಣವಾದರೆ ವೈದ್ಯರು ಕಾರಣ ನಮೂದಿಸಿದ ಪ್ರಮಾಣಪತ್ರ ಕೊಡುತ್ತಾರೆ. ಅಪಘಾತ, ಆತ್ಮಹತ್ಯೆ, ಕೊಲೆ, ಅಥವಾ ಮಲಗಿದ್ದಲ್ಲಿಯೇ ಸತ್ತ ಅನಿರೀಕ್ಷಿತ ಮರಣವಾದರೆ ಪೊಲೀಸ್ ವರದಿ ಬೇಕು. ಮರಣೋತ್ತರ ಪರೀಕ್ಷೆಯೂ ನಡೆಯಬಹುದು. ತನಿಖೆ ಮುಗಿಯುವವರೆಗೆ ದೇಹ ಬಿಟ್ಟುಕೊಡುವುದಿಲ್ಲ. ಸ್ಥಳೀಯ ಭಾಷೆಯಲ್ಲಿರುವ ಪ್ರಮಾಣಪತ್ರವನ್ನು ಇಂಗ್ಲಿಷಿಗೆ ಅನುವಾದ ಮಾಡಿಸಬೇಕು.

ಈ ಅನುವಾದವನ್ನು ಹಗುರವಾಗಿ ಕಾಣುವಂತಿಲ್ಲ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ತೀರಿಕೊಂಡ ಹಿಮಾಚಲ ಪ್ರದೇಶದ ಹಿಂದೂ ಕಾರ್ಮಿಕರೊಬ್ಬರ ಕಾಗದಪತ್ರದ ಅನುವಾದದಲ್ಲಿ ಧರ್ಮ ತಪ್ಪಾಗಿ ನಮೂದಾಯಿತು. ಅದರ ಪರಿಣಾಮವಾಗಿ ಅವರನ್ನು ಅಲ್ಲಿಯೇ ಮುಸ್ಲಿಂ ವಿಧಿಯಂತೆ ದಫನ ಮಾಡಲಾಯಿತು. ಪತ್ನಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ದೇಹವನ್ನು ಹೊರತೆಗೆದು ಭಾರತಕ್ಕೆ ಕಳುಹಿಸುವ ವೇಳೆಗೆ ತಿಂಗಳುಗಳೇ ಕಳೆದಿದ್ದವು. ದೇಹಗಳೇ ಅದಲುಬದಲಾದ ಪ್ರಸಂಗಗಳೂ ಇವೆ. 2019ರ ಮಾರ್ಚ್‌ನಲ್ಲಿ ಸೌದಿಯಿಂದ ಕೇರಳದ ಪತ್ತನಂತಿಟ್ಟ ಜಿಲ್ಲೆಗೆ ಬಂದ ಪೆಟ್ಟಿಗೆಯನ್ನು ತೆರೆದಾಗ ಅದರಲ್ಲಿದ್ದದ್ದು ಶ್ರೀಲಂಕಾದ ಮಹಿಳೆಯ ಶವ. ಪೆಟ್ಟಿಗೆ ಮುಚ್ಚುವ ಮೊದಲು ಮೃತರನ್ನು ಬಲ್ಲ ಒಬ್ಬರು ಶವಾಗಾರಕ್ಕೆ ಹೋಗಿ ಮುಖ ನೋಡಿ ಖಚಿತಪಡಿಸಬೇಕೆನ್ನುವುದು ಈ ಕಾರಣಕ್ಕೆ.

ಅನಂತರ ಎಂಬಾಮಿಂಗ್. ರಕ್ತನಾಳಗಳ ಮೂಲಕ ಫಾರ್ಮಾಲಿನ್ ಮುಂತಾದ ರಾಸಾಯನಿಕ ದ್ರಾವಣವನ್ನು ದೇಹದೊಳಗೆ ಹರಿಸಿ ಕೊಳೆಯುವಿಕೆಯನ್ನು ತಡೆಯುವ ವಿಧಾನವಿದು. ಇದರಿಂದ ಸ್ನಾಯುಗಳು ಸೆಟೆದು ದೇಹ ಗಡುಸಾಗುತ್ತದೆ. ರಕ್ತದ ಬದಲು ರಾಸಾಯನಿಕ ತುಂಬುವುದರಿಂದ, ಮರಣದ ಬಗ್ಗೆ ಸಂಶಯವಿದ್ದು ಊರಿನಲ್ಲಿ ಇನ್ನೊಮ್ಮೆ ಮರಣೋತ್ತರ ಪರೀಕ್ಷೆ ಮಾಡಿಸಿದರೂ ವಿಷದ ಅಂಶಗಳನ್ನು ಪತ್ತೆಹಚ್ಚುವುದು ಕಷ್ಟ. ಆದ್ದರಿಂದ ಸಂಶಯವಿದ್ದವರು ಅದನ್ನು ರಾಯಭಾರ ಕಚೇರಿಗೆ ಲಿಖಿತವಾಗಿ ತಿಳಿಸಬೇಕಾದದ್ದು ಎಂಬಾಮಿಂಗ್‌ಗಿಂತ ಮೊದಲೇ. ದೇಹ ಊರಿಗೆ ಬಂದ ಮೇಲೆ ಎದ್ದ ಪ್ರಶ್ನೆಗಳಿಗೆ ಉತ್ತರ ಸಿಗುವುದು ಅಪರೂಪ.

ರಾಯಭಾರ ಕಚೇರಿಯು ಮರಣವನ್ನು ದಾಖಲಿಸಿಕೊಂಡು, ಮೃತರ ಪಾಸ್‌ಪೋರ್ಟನ್ನು ರದ್ದುಪಡಿಸಿ, ನಿರಾಕ್ಷೇಪಣಾ ಪತ್ರವನ್ನು ನೀಡುತ್ತದೆ. ವೀಸಾ ಅವಧಿ ಮೀರಿ ಅನಧಿಕೃತವಾಗಿ ಉಳಿದಿದ್ದವರು ತೀರಿಕೊಂಡರೆ ಕುಟುಂಬದವರು ಕಚೇರಿಯನ್ನು ಸಂಪರ್ಕಿಸಲು ಅಂಜುವುದುಂಟು. ಅಂಜಬೇಕಾದ ಕಾರಣವಿಲ್ಲ, ನೆರವು ಪಡೆಯುವ ಹಕ್ಕು ಅವರಿಗೂ ಇದೆ. ಊರಿನಿಂದಲೇ ದೂರು ಅಥವಾ ಮನವಿ ದಾಖಲಿಸಲು ವಿದೇಶಾಂಗ ಸಚಿವಾಲಯ 2015ರ ಫೆಬ್ರವರಿಯಲ್ಲಿ ‘ಮದದ್’ ಎಂಬ ಜಾಲತಾಣವನ್ನು ಆರಂಭಿಸಿದೆ. ಅದರಲ್ಲಿ ದೊರೆಯುವ ನೋಂದಣಿ ಸಂಖ್ಯೆಯಿಂದ ಕಡತ ಎಲ್ಲಿದೆ ಎಂಬುದನ್ನು ಮನೆಯಿಂದಲೇ ತಿಳಿಯಬಹುದು.

ಕುಟುಂಬದ ಒಪ್ಪಿಗೆ ಪತ್ರ

ಹಳ್ಳಿಯ ಕುಟುಂಬಗಳಿಗೆ ಹೆಚ್ಚು ತೊಡಕಾಗುವ ಹಂತ ಇದು. ದೇಹವನ್ನು ಊರಿಗೆ ಕಳುಹಿಸಬೇಕೆ ಅಥವಾ ಅಲ್ಲಿಯೇ ಸಂಸ್ಕಾರ ಮಾಡಬೇಕೆ ಎಂಬುದನ್ನು ಕಾನೂನುಬದ್ಧ ವಾರಸುದಾರರು ಲಿಖಿತವಾಗಿ ತಿಳಿಸಬೇಕು. ಸೌದಿ ಅರೇಬಿಯಾದಂಥ ದೇಶಗಳಲ್ಲಿ ಇದರ ಜೊತೆಗೆ, ಅಲ್ಲಿರುವ ಒಬ್ಬ ವ್ಯಕ್ತಿಗೆ ಅಥವಾ ಸಂಸ್ಥೆಯ ಪ್ರತಿನಿಧಿಗೆ ದೇಹವನ್ನು ಪಡೆದು ಕಳುಹಿಸುವ ಅಧಿಕಾರ ಕೊಡುವ ಮುಖ್ತಾರ ಪತ್ರವೂ ಬೇಕು. ಇದನ್ನು ಛಾಪಾ ಕಾಗದದ ಮೇಲೆ ಬರೆಸಿ ನೋಟರಿ ಮಾಡಿಸಲಾಗುತ್ತದೆ.

ವಿವಾಹಿತರಾಗಿದ್ದರೆ ಮೊದಲ ಹಕ್ಕು ಪತ್ನಿ ಅಥವಾ ಪತಿಯದು. ಅವಿವಾಹಿತರಾದರೆ ತಂದೆತಾಯಿಗಳದು. ಗಂಡನ ಮನೆಯವರಿಗೂ ಹೆಂಡತಿಗೂ ಭಿನ್ನಾಭಿಪ್ರಾಯವಿದ್ದಲ್ಲಿ ಎರಡು ಕಡೆಯಿಂದ ಎರಡು ಪತ್ರ ಹೋಗಿ, ದೇಹ ಶವಾಗಾರದಲ್ಲಿಯೇ ಉಳಿಯುವ ಸಂದರ್ಭ ಬರಬಹುದು. ಪಾಸ್‌ಪೋರ್ಟಿನಲ್ಲಿರುವ ಹೆಸರಿಗೂ ಆಧಾರ್ ಅಥವಾ ಪಡಿತರ ಚೀಟಿಯಲ್ಲಿರುವ ಹೆಸರಿಗೂ ವ್ಯತ್ಯಾಸವಿರುವುದು ಉತ್ತರ ಕರ್ನಾಟಕದಲ್ಲಿ ಸಾಮಾನ್ಯ. ಒಂದರಲ್ಲಿ ತಂದೆಯ ಹೆಸರು ನಡುವೆ ಬಂದರೆ ಇನ್ನೊಂದರಲ್ಲಿ ಅಡ್ಡಹೆಸರು ಮೊದಲು ಬರುತ್ತದೆ. ಇಂಥಲ್ಲಿ ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರವನ್ನೂ ಜೊತೆಗಿಡುವುದು ಲೇಸು. ನಾಡಕಚೇರಿಯಿಂದ ಪಡೆಯುವ ವಂಶವೃಕ್ಷ ಪ್ರಮಾಣಪತ್ರ ಈ ಹಂತದಲ್ಲಿಯೂ, ಮುಂದೆ ಪರಿಹಾರ ಪಡೆಯುವಾಗಲೂ ಉಪಯೋಗಕ್ಕೆ ಬರುತ್ತದೆ.

ವೆಚ್ಚ

ವೆಚ್ಚವನ್ನು ಯಾರು ಭರಿಸಬೇಕೆಂಬುದು ಮೃತರು ಯಾವ ನೆಲೆಯಲ್ಲಿ ವಿದೇಶದಲ್ಲಿದ್ದರು ಎಂಬುದನ್ನು ಅವಲಂಬಿಸಿದೆ. ಕೊಲ್ಲಿ ದೇಶಗಳಲ್ಲಿ ಉದ್ಯೋಗದಲ್ಲಿದ್ದವರಾದರೆ ಮೊದಲ ಹೊಣೆ ಉದ್ಯೋಗದಾತನದು. ಸೌದಿಯ ಕಾರ್ಮಿಕ ಕಾನೂನಿನ 40ನೆಯ ವಿಧಿ ದೇಹವನ್ನು ಸಿದ್ಧಪಡಿಸಿ ಕಳುಹಿಸುವ ಖರ್ಚನ್ನು ಮಾಲೀಕನ ಮೇಲೆ ಹೊರಿಸಿದೆ. ಸಂಯುಕ್ತ ಅರಬ್ ಸಂಸ್ಥಾನದ ಕಾನೂನಿನಲ್ಲಿಯೂ ಇದೇ ಆಶಯವಿದೆ. ಮಾಲೀಕ ನಿರಾಕರಿಸಿದರೆ ಅಥವಾ ಕಣ್ಮರೆಯಾದರೆ, 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ರಾಯಭಾರ ಕಚೇರಿ ನೆರವು ನೀಡಬಹುದು. ಇದು ಕುಟುಂಬದ ಆರ್ಥಿಕ ಸ್ಥಿತಿಯನ್ನು ನೋಡಿ ಕೊಡುವ ನೆರವು. ಕೇಳಿಕೊಳ್ಳದಿದ್ದರೆ ತಾನಾಗಿ ಬರುವುದಿಲ್ಲ.

ಹತ್ತನೆಯ ತರಗತಿ ತೇರ್ಗಡೆಯಾಗದವರು ಕೊಲ್ಲಿ ದೇಶಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅನುಮತಿ ಪಡೆಯಬೇಕು. ಅವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. 2003ರಲ್ಲಿ ಆರಂಭವಾಗಿ 2017ರಲ್ಲಿ ಪರಿಷ್ಕೃತವಾದ ಈ ವಿಮೆಯ ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದಿಂದ ಮರಣವಾದರೆ ವಾರಸುದಾರರಿಗೆ 10 ಲಕ್ಷ ರೂಪಾಯಿ ದೊರೆಯುತ್ತದೆ. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಿಕೊಂಡವರಿಗೆ ಈ ವಿಮೆ ಇರುವುದಿಲ್ಲ. ಏಜೆಂಟರ ಮಾತು ನಂಬಿ ಹೀಗೆ ಹೋದವರ ಕುಟುಂಬಕ್ಕೆ ಈ ಕೊರತೆ ತಿಳಿಯುವುದು ಮರಣದ ನಂತರವೇ.

ಪ್ರವಾಸಿಗಳು ಮತ್ತು ವಿದ್ಯಾರ್ಥಿಗಳು ಖಾಸಗಿ ವಿಮೆಯನ್ನು ಅವಲಂಬಿಸಬೇಕು. ಯೂರೋಪಿನ ಶೆಂಗೆನ್ ವೀಸಾ ಪಡೆಯಲು ಕನಿಷ್ಠ 30,000 ಯೂರೋ ಮೊತ್ತದ, ಮರಣದ ಸಂದರ್ಭವನ್ನೂ ಒಳಗೊಂಡ ವಿಮೆ ಇರಲೇಬೇಕು. ಅಮೆರಿಕದ ಜೆ-1 ವೀಸಾದವರಿಗೆ ದೇಹದ ರವಾನೆಗೆಂದೇ 25,000 ಡಾಲರ್ ರಕ್ಷಣೆಯ ನಿಯಮವಿದೆ. ವಿಮೆ ಇಲ್ಲದಿದ್ದಲ್ಲಿ ಅಲ್ಲಿನ ಕನ್ನಡ ಸಂಘಗಳು, ಸಹೋದ್ಯೋಗಿಗಳು ಚಂದಾ ಎತ್ತುವುದು ರೂಢಿಯಾಗಿದೆ. ದುಬೈ, ಶಾರ್ಜಾ ಭಾಗದಲ್ಲಿ ಕೇರಳ ಮೂಲದ ಅಶ್ರಫ್ ತಾಮರಶ್ಶೇರಿ ಅವರು ಯಾವ ಊರಿನವರು, ಯಾವ ಧರ್ಮದವರು ಎಂದು ನೋಡದೆ ಸಾವಿರಾರು ಮಂದಿಯ ದೇಹಗಳನ್ನು ಊರಿಗೆ ಕಳುಹಿಸಲು ನೆರವಾಗಿದ್ದಾರೆ. ಈ ಸೇವೆಗಾಗಿ ಅವರಿಗೆ 2015ರಲ್ಲಿ ಪ್ರವಾಸಿ ಭಾರತೀಯ ಸಮ್ಮಾನ್ ದೊರೆಯಿತು. ಕತಾರ್‌ನಲ್ಲಿ ರಾಯಭಾರ ಕಚೇರಿಯ ಆಶ್ರಯದಲ್ಲಿರುವ ಇಂಡಿಯನ್ ಕಮ್ಯುನಿಟಿ ಬೆನವಲೆಂಟ್ ಫೋರಂ ಇಂಥ ಕೆಲಸಗಳಲ್ಲಿ ನೆರವಾಗುತ್ತದೆ.

ವಿಮಾನದರದ ವಿಷಯದಲ್ಲಿ ಒಂದು ಹಳೆಯ ನೋವು ಇತ್ತು. ದೇಹವಿರುವ ಪೆಟ್ಟಿಗೆಯನ್ನು ತಕ್ಕಡಿಯಲ್ಲಿಟ್ಟು ತೂಗಿ, ಕಿಲೋ ಲೆಕ್ಕದಲ್ಲಿ ಸಾಗಣೆದರ ವಿಧಿಸಲಾಗುತ್ತಿತ್ತು. ಪ್ರವಾಸಿ ಸಂಘಟನೆಗಳು ಇದನ್ನು ಅಮಾನವೀಯವೆಂದು ವಿರೋಧಿಸಿದವು. 2019ರ ಜನವರಿಯಲ್ಲಿ ಏರ್ ಇಂಡಿಯಾ ಸಂಯುಕ್ತ ಅರಬ್ ಸಂಸ್ಥಾನದಿಂದ ಭಾರತಕ್ಕೆ ತೂಕವನ್ನು ಲೆಕ್ಕಿಸದೆ ವಯಸ್ಕರಿಗೆ 1,500 ದಿರ್ಹಮ್, 12 ವರ್ಷದೊಳಗಿನವರಿಗೆ 750 ದಿರ್ಹಮ್ ಎಂಬ ನಿಗದಿತ ದರವನ್ನು ಜಾರಿಗೆ ತಂದಿತು.

ವಿಮಾನ ಮತ್ತು ಆರೋಗ್ಯ ನಿಯಮಗಳು

ದ್ರವ ಅಥವಾ ವಾಸನೆ ಹೊರಬಾರದಂತೆ ಭದ್ರವಾಗಿ ಮುಚ್ಚಿದ, ಸಾಮಾನ್ಯವಾಗಿ ಒಳಗೆ ಸತುವಿನ ತಗಡು ಹೊದಿಸಿದ ಪೆಟ್ಟಿಗೆಯಲ್ಲಿ ದೇಹವನ್ನು ಇರಿಸಲಾಗುತ್ತದೆ. ಮರಣ ಪ್ರಮಾಣಪತ್ರ, ಎಂಬಾಮಿಂಗ್ ಪ್ರಮಾಣಪತ್ರ, ಪೆಟ್ಟಿಗೆ ಮುಚ್ಚಿದವರ ಪ್ರಮಾಣಪತ್ರ, ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ರದ್ದಾದ ಪಾಸ್‌ಪೋರ್ಟಿನ ಪ್ರತಿ ಮತ್ತು ಏರ್‌ವೇ ಬಿಲ್ ಜೊತೆಗಿರಬೇಕು. ಪೀತಜ್ವರ, ಪ್ಲೇಗ್, ಆಂಥ್ರಾಕ್ಸ್, ಗ್ಲಾಂಡರ್ಸ್ ಮುಂತಾದ ರೋಗಗಳಿಂದ ಸತ್ತವರ ದೇಹವನ್ನು ಭಾರತಕ್ಕೆ ತರಲು ನಿಯಮಗಳು ಅವಕಾಶ ಕೊಡುವುದಿಲ್ಲ. ದಹನವಾದ ಬಳಿಕದ ಚಿತಾಭಸ್ಮಕ್ಕೆ ಈ ನಿರ್ಬಂಧವಿಲ್ಲ.

ವಿಮಾನ ನಿಲ್ದಾಣದ ಆರೋಗ್ಯ ಅಧಿಕಾರಿಯ ಅನುಮತಿ ಮುಂಚಿತವಾಗಿಯೇ ದೊರೆಯಬೇಕು. ಹಿಂದೆ ಇ-ಮೇಲ್ ಮತ್ತು ಫೋನಿನ ಮೂಲಕ ನಡೆಯುತ್ತಿದ್ದ ಈ ಕೆಲಸಕ್ಕಾಗಿ ಕೇಂದ್ರ ಆರೋಗ್ಯ ಸಚಿವಾಲಯ 2023ರ ಆಗಸ್ಟ್ 3ರಂದು ‘ಇ-ಕೇರ್’ ಎಂಬ ಜಾಲತಾಣವನ್ನು ಆರಂಭಿಸಿತು. ಈ ಅನುಮತಿ ಎಷ್ಟು ನಿರ್ಣಾಯಕ ಎಂಬುದು ಕೋವಿಡ್ ಕಾಲದಲ್ಲಿ ಕಂಡಿತು. 2020ರ ಏಪ್ರಿಲ್‌ನಲ್ಲಿ ಅಬುಧಾಬಿಯಿಂದ ದೆಹಲಿಗೆ ಬಂದಿದ್ದ ಮೂವರ ದೇಹಗಳನ್ನು ಇಳಿಸಲು ಬಿಡದೆ ಬಂದ ವಿಮಾನದಲ್ಲಿಯೇ ಹಿಂದಕ್ಕೆ ಕಳುಹಿಸಲಾಯಿತು. ಅವರ ಮರಣಕ್ಕೆ ಕೋವಿಡ್ ಕಾರಣವಾಗಿರಲಿಲ್ಲ. ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು. ಕೆಲವೇ ದಿನಗಳಲ್ಲಿ ಗೃಹ ಸಚಿವಾಲಯ ಹೊಸ ಕಾರ್ಯವಿಧಾನವನ್ನು ಪ್ರಕಟಿಸಿ ದೇಹಗಳನ್ನು ತರಲು ಅವಕಾಶ ನೀಡಿತು.

ನಿಲ್ದಾಣದಿಂದ ಊರಿಗೆ

ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ದುರದುಂಡೀಶ್ವರ ಮಠದಿಂದ ಹೆಸರಾದ, ಇಂಜಿನಿಯರಿಂಗ್ ಕಾಲೇಜೂ ಇರುವ ಈ ಗ್ರಾಮ ಸಂಕೇಶ್ವರದ ಸಮೀಪದಲ್ಲಿದೆ. ಹತ್ತಿರದ ವಿಮಾನ ನಿಲ್ದಾಣ ಬೆಳಗಾವಿಯ ಸಾಂಬ್ರಾ. ಅಲ್ಲಿಗೆ ವಿದೇಶದಿಂದ ನೇರ ವಿಮಾನವಿಲ್ಲ. ಆದ್ದರಿಂದ ದೇಹ ಗೋವಾ, ಪುಣೆ, ಮುಂಬಯಿ ಅಥವಾ ಬೆಂಗಳೂರಿಗೆ ಬಂದು, ಅಲ್ಲಿಂದ ಆಂಬುಲೆನ್ಸ್‌ನಲ್ಲಿ ಬರಬೇಕು. ಬೆಂಗಳೂರಿನಿಂದ 500 ಕಿ.ಮೀ.ಗೂ ಹೆಚ್ಚಿನ ರಸ್ತೆ ಪ್ರಯಾಣವಾದರೆ, ಗೋವಾದಿಂದ ದೂರ ಕಡಿಮೆ, ಆದರೆ ಘಟ್ಟ ಹತ್ತಬೇಕು. ಪುಣೆ ಮತ್ತು ಬೆಂಗಳೂರು ಎರಡೂ ಕಡೆಯಿಂದ ಬರುವವರಿಗೆ ರಾಷ್ಟ್ರೀಯ ಹೆದ್ದಾರಿ 48 ನೇರ ದಾರಿ. ಯಾವ ನಿಲ್ದಾಣಕ್ಕೆ ಕಳುಹಿಸಬೇಕೆಂಬುದನ್ನು ಕುಟುಂಬದವರು ಟಿಕೆಟ್ ಮಾಡಿಸುವ ಮೊದಲೇ ಹೇಳಬೇಕು. ಆ ನಿಲ್ದಾಣದಲ್ಲಿ ಆರೋಗ್ಯ ಅಧಿಕಾರಿಯ ವ್ಯವಸ್ಥೆ ಇದೆಯೇ, ಅಲ್ಲಿನ ಸರಕು ವಿಭಾಗ ದೇಹವನ್ನು ಸ್ವೀಕರಿಸುತ್ತದೆಯೇ ಎಂಬುದನ್ನೂ ವಿಚಾರಿಸಬೇಕು. ಒಳನಾಡಿನ ಚಿಕ್ಕ ವಿಮಾನಗಳಲ್ಲಿ ಶವಪೆಟ್ಟಿಗೆಗೆ ಜಾಗ ಸಾಲದಿರಬಹುದು.

ದೇಹವನ್ನು ಪ್ರಯಾಣಿಕರ ದ್ವಾರದಲ್ಲಿ ಕೊಡುವುದಿಲ್ಲ. ಸರಕು ಸಂಕೀರ್ಣದಲ್ಲಿ ಕೊಡುತ್ತಾರೆ. ಇದು ಗೊತ್ತಿಲ್ಲದೆ ಆಗಮನ ದ್ವಾರದಲ್ಲಿ ಗಂಟೆಗಟ್ಟಲೆ ಕಾಯುವವರಿದ್ದಾರೆ. ಪಡೆಯಲು ಬರುವವರು ತಮ್ಮ ಗುರುತಿನ ಚೀಟಿಯನ್ನೂ ಮೃತರೊಂದಿಗಿನ ಸಂಬಂಧದ ದಾಖಲೆಯನ್ನೂ ತಂದಿರಬೇಕು.

ಅಂತ್ಯಸಂಸ್ಕಾರದ ಮೇಲೆ ಆಗುವ ಪರಿಣಾಮ

ಈ ಭಾಗದ ಲಿಂಗಾಯತರಲ್ಲಿ ದೇಹವನ್ನು ಸುಡದೆ, ಪದ್ಮಾಸನದಲ್ಲಿ ಕುಳ್ಳಿರಿಸಿ, ಕೈಯಲ್ಲಿ ಇಷ್ಟಲಿಂಗವಿರಿಸಿ, ವಿಭೂತಿ ಮತ್ತು ಬಿಲ್ವಪತ್ರೆಗಳೊಂದಿಗೆ ಸಮಾಧಿ ಮಾಡುವ ಪದ್ಧತಿಯಿದೆ. ಹೂವಿನಿಂದ ಅಲಂಕರಿಸಿದ, ಕುಳ್ಳಿರಿಸಿ ಒಯ್ಯುವ ಚಟ್ಟಕ್ಕೆ ‘ವಿಮಾನ’ ಎಂದೇ ಹೆಸರು. ಎಂಬಾಮಿಂಗ್ ಆಗಿ ವಾರಗಟ್ಟಲೆ ಮಲಗಿದ ಭಂಗಿಯಲ್ಲಿದ್ದ ದೇಹವನ್ನು ಹೀಗೆ ಕುಳ್ಳಿರಿಸಲು ಬರುವುದಿಲ್ಲ. ಅಂಥಲ್ಲಿ ಮಲಗಿಸಿಯೇ ಸಮಾಧಿ ಮಾಡಬೇಕಾಗುತ್ತದೆ. ಕುಣಿಯ ಅಳತೆಯೂ ಬದಲಾಗುವುದರಿಂದ ಕುಣಿ ತೋಡುವವರಿಗೆ ಮೊದಲೇ ತಿಳಿಸುವುದು ಅಗತ್ಯ. ಇಷ್ಟಲಿಂಗ ವಿದೇಶದಲ್ಲಿಯೇ ಉಳಿದಿದ್ದರೆ ಬೇರೆಯದನ್ನು ಒದಗಿಸಬೇಕಾಗುತ್ತದೆ. ಲಿಂಗಾಯತ ತತ್ವದಲ್ಲಿ ಮರಣದ ಸೂತಕವಿಲ್ಲವಾದ್ದರಿಂದ ದಿನಗಳ ಎಣಿಕೆಯ ತೊಡಕು ಬರುವುದಿಲ್ಲ. ಸೂತಕ ಆಚರಿಸುವ ಮನೆಗಳಲ್ಲಿ ಸುದ್ದಿ ತಿಳಿದ ದಿನದಿಂದಲೋ ಸಂಸ್ಕಾರದ ದಿನದಿಂದಲೋ ಎಂಬ ಚರ್ಚೆ ಏಳುತ್ತದೆ. ಪುರೋಹಿತರು ಹೇಳಿದಂತೆ ನಡೆಯುತ್ತದೆ.

ಪೆಟ್ಟಿಗೆಯನ್ನು ತೆರೆಯುವುದೇ ಬೇಡವೇ ಎಂಬ ಪ್ರಶ್ನೆ ಎಲ್ಲ ಸಮುದಾಯಗಳಿಗೂ ಒಂದೇ. ತಾಯಿಗೆ ಮುಖ ತೋರಿಸದೆ ಮಣ್ಣು ಮಾಡುವುದು ಹಳ್ಳಿಗಳಲ್ಲಿ ಯಾರಿಗೂ ಒಪ್ಪಿಗೆಯಾಗುವ ಮಾತಲ್ಲ. ಫಾರ್ಮಾಲಿನ್ ಆವಿ ಕಣ್ಣು, ಮೂಗುಗಳನ್ನು ಉರಿಸುವುದರಿಂದ ಮುಚ್ಚಿದ ಕೋಣೆಯಲ್ಲಿ ತೆರೆಯದೆ ಅಂಗಳದಲ್ಲಿ ತೆರೆಯುವುದು, ಮಕ್ಕಳನ್ನು ತುಸು ದೂರ ನಿಲ್ಲಿಸುವುದು ಒಳಿತು. ಬಹಳ ದಿನ ಕಳೆದಿದ್ದರೆ ಅಥವಾ ದೇಹ ಜಖಂಗೊಂಡಿದ್ದರೆ ಮೊದಲು ಹಿರಿಯರೊಬ್ಬರು ನೋಡಿ, ಅನಂತರ ಉಳಿದವರಿಗೆ ತೋರಿಸುವ ಬಗ್ಗೆ ತೀರ್ಮಾನಿಸುತ್ತಾರೆ.

ದೇಹ ಊರಿಗೆ ಬಾರದಿದ್ದಾಗ

ಎಲ್ಲ ಕುಟುಂಬಗಳೂ ದೇಹವನ್ನು ತರಲು ಬಯಸುವುದಿಲ್ಲ. ಇಸ್ಲಾಂ ಧರ್ಮದಲ್ಲಿ ಆದಷ್ಟು ಬೇಗ ದಫನ ಮಾಡಬೇಕೆಂಬ ನಿಯಮವಿರುವುದರಿಂದ ಕೊಲ್ಲಿ ದೇಶಗಳಲ್ಲಿ ಸತ್ತ ಅನೇಕ ಮುಸ್ಲಿಮರನ್ನು ಅಲ್ಲಿಯೇ ದಫನ ಮಾಡಲಾಗುತ್ತದೆ. ಊರಿನ ಮಸೀದಿಯಲ್ಲಿ ಗಾಯಿಬ್ ಜನಾಜಾ ನಮಾಜ್ ನಡೆಯುವುದುಂಟು. ಹಜ್ ಯಾತ್ರೆಯ ವೇಳೆ ಮೃತರಾದವರನ್ನು ಸೌದಿಯಲ್ಲಿಯೇ ಮಣ್ಣು ಮಾಡುವುದು ನಿಯಮವೂ ಹೌದು, ಭಕ್ತರ ದೃಷ್ಟಿಯಲ್ಲಿ ಭಾಗ್ಯವೂ ಹೌದು.

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ ಹಿಂದೂ ಕುಟುಂಬಗಳಲ್ಲಿ ಅಲ್ಲಿಯೇ ದಹನ ಮಾಡಿ ಅಸ್ಥಿಯನ್ನು ಮಾತ್ರ ತಂದು ಕಾವೇರಿ, ಕೃಷ್ಣಾ ಮುಂತಾದ ನದಿಗಳಲ್ಲಿ ವಿಸರ್ಜಿಸುವವರು ಹೆಚ್ಚು. ಅಸ್ಥಿಕಲಶವನ್ನು ದಹನದ ಪ್ರಮಾಣಪತ್ರ ಮತ್ತು ರಾಯಭಾರ ಕಚೇರಿಯ ಪತ್ರದೊಂದಿಗೆ ಕೈಚೀಲದಲ್ಲಿಯೇ ತರಬಹುದು. ಸೌದಿ ಅರೇಬಿಯಾದಲ್ಲಿ ದಹನಕ್ಕೆ ಅವಕಾಶವಿಲ್ಲ. ದೇಹವೇ ದೊರೆಯದಿದ್ದಲ್ಲಿ 360 ಮುತ್ತುಗದ ತೊಟ್ಟುಗಳಿಂದ ಮನುಷ್ಯಾಕೃತಿಯನ್ನು ರಚಿಸಿ ದಹಿಸುವ ವಿಧಿಯನ್ನು ಗರುಡ ಪುರಾಣ ಹೇಳುತ್ತದೆ. ಸಮುದ್ರದಲ್ಲಿ ಕಣ್ಮರೆಯಾದವರಿಗಾಗಿ ಇಂದಿಗೂ ಕೆಲವರು ಇದನ್ನು ಮಾಡಿಸುತ್ತಾರೆ.

ಮರಣದ ನೋಂದಣಿ, ಬಾಕಿ ಹಣ ಮತ್ತು ವಾರಸಾ

ಸಂಸ್ಕಾರ ಮುಗಿದ ಮೇಲೆ ಕುಟುಂಬದವರು ಮರಣ ಪ್ರಮಾಣಪತ್ರಕ್ಕಾಗಿ ಗ್ರಾಮ ಪಂಚಾಯಿತಿಗೆ ಹೋಗಿ ಬರಿಗೈಯಲ್ಲಿ ಮರಳುವುದುಂಟು. ಭಾರತದಲ್ಲಿ ಮರಣವನ್ನು ನೋಂದಾಯಿಸುವುದು ಅದು ಸಂಭವಿಸಿದ ಸ್ಥಳದಲ್ಲಿ, ಸಮಾಧಿಯಾದ ಸ್ಥಳದಲ್ಲಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 20ನೆಯ ಕಲಮಿನ ಪ್ರಕಾರ ವಿದೇಶದಲ್ಲಿ ಸತ್ತ ಭಾರತೀಯ ಪ್ರಜೆಯ ಮರಣವನ್ನು ಭಾರತೀಯ ದೂತಾವಾಸದಲ್ಲಿ ನೋಂದಾಯಿಸಿದರೆ ಅದು ಈ ಕಾಯ್ದೆಯಡಿ ಆದ ನೋಂದಣಿಯೆಂದೇ ಪರಿಗಣಿತವಾಗುತ್ತದೆ. ಬ್ಯಾಂಕ್ ಖಾತೆ, ಜೀವವಿಮೆ, ಜಮೀನಿನ ಪಹಣಿಯಲ್ಲಿ ಫೋತಿ ಖಾತೆ ಬದಲಾವಣೆ, ವಿಧವಾ ವೇತನ, ಇವೆಲ್ಲಕ್ಕೂ ಆ ಪ್ರಮಾಣಪತ್ರವೇ ಆಧಾರ. ಆದ್ದರಿಂದ ದೇಹದ ಜೊತೆಗೆ ಬರುವ ಕಾಗದಗಳ ಕಟ್ಟನ್ನು ನಿಲ್ದಾಣದಲ್ಲಿ ಅಥವಾ ಆಂಬುಲೆನ್ಸ್‌ನಲ್ಲಿ ಬಿಟ್ಟುಬಿಡದೆ, ಮೂಲಪ್ರತಿಗಳನ್ನು ಮನೆಯಲ್ಲಿ ಕಾಯ್ದಿಡಬೇಕು.

ಮೃತರಿಗೆ ಬರಬೇಕಾದ ಸಂಬಳದ ಬಾಕಿ, ಸೇವಾಂತ್ಯದ ಹಣ ಮತ್ತು ಅಪಘಾತ ಪರಿಹಾರ ದೇಹದೊಂದಿಗೆ ಬರುವುದಿಲ್ಲ. ಅದು ಬೇರೆಯೇ ಕಡತ. ದೇಹವನ್ನು ಬೇಗ ಕಳುಹಿಸುವ ಅವಸರದಲ್ಲಿ ‘ಯಾವುದೇ ಬಾಕಿ ಇಲ್ಲ’ ಎಂಬ ಪತ್ರಕ್ಕೆ ಸಹಿ ಕೇಳಿದರೆ ರಾಯಭಾರ ಕಚೇರಿಯನ್ನು ವಿಚಾರಿಸದೆ ಸಹಿ ಹಾಕಬಾರದು. ಈ ಹಣವನ್ನು ವಸೂಲು ಮಾಡಲು ರಾಯಭಾರ ಕಚೇರಿಗೆ ಪ್ರತ್ಯೇಕ ಮುಖ್ತಾರ ಪತ್ರ ಕೊಡಬೇಕಾಗುತ್ತದೆ. ದೇಹ ಕೆಲವು ದಿನಗಳಲ್ಲಿ ಊರು ಸೇರಿದರೂ ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಾದ ಪರಿಹಾರ ಬರಲು ವರ್ಷಗಳೇ ಹಿಡಿಯಬಹುದು. ಬಂದ ಹಣ ಜಿಲ್ಲಾಡಳಿತದ ಮೂಲಕ ಹಂಚಿಕೆಯಾಗುವಾಗ ವಾರಸುದಾರರ ಪಟ್ಟಿಯಲ್ಲಿ ಪತ್ನಿ, ಮಕ್ಕಳು, ತಾಯಿ ಎಲ್ಲರ ಹೆಸರೂ ಇರಬೇಕು. ಅಪ್ರಾಪ್ತ ಮಕ್ಕಳಿದ್ದರೆ ಅವರ ಪಾಲಿಗೆ ಪೋಷಕರನ್ನು ನಮೂದಿಸಬೇಕು.